ನೀರಿನಲ್ಲಿ ಕಲಸಿದ ಕ್ಯಾಥೋಡ್: ನನ್ನ ಅನುಭವ

ಲಿಥಿಯಮ್-ಅಯಾನ್ ಬ್ಯಾಟರಿಯ ಕ್ಯಾಥೋಡ್ (ಧನ ವಿದ್ಯುದ್ವಾರ) ಮಾಡಲು ಬೇಕಾದ, ಶೇಕಡಾ 60ರಷ್ಟು ನಿಕ್ಕಲ್ ಇರುವ ಪುಡಿಯನ್ನು ಎನ್‌ಎಂಪಿ ಎಂಬ ವಿಷಕಾರಿ ದ್ರಾವಕ ಬಿಟ್ಟು ಬರೀ ನೀರಿನಲ್ಲಿ ಕಲಸುತ್ತೇನೆ ಎಂದಾಗ, ಹಿರಿಯ ಸಹೋದ್ಯೋಗಿಯೊಬ್ಬರು "ಆನೋಡಿಗಾದರೆ (ಋಣ ವಿದ್ಯುದ್ವಾರಕ್ಕಾದರೆ) ಸರಿ, ಇದಕ್ಕೆ ನೀರು ಹಾಕಿದರೆ ನಿಮಗೆ ಸಿಗುವುದು ಸುಣ್ಣದ ತಿಳಿ" ಎಂದು ನಕ್ಕಿದ್ದರು. ಈಗ ಅದೇ ವಿಧಾನದ ಸೆಲ್‌ಗಳು ಗ್ರಾಫೈಟ್ ಆನೋಡಿನೊಂದಿಗೆ 500 ಚಾರ್ಜ್-ಡಿಸ್ಚಾರ್ಜ್ ಆವೃತ್ತಿಗಳನ್ನು ದಾಟಿ, ಮೊದಲಿನ ಸಾಮರ್ಥ್ಯದಲ್ಲಿ ಸುಮಾರು 85 ಶೇಕಡಾ ಉಳಿಸಿಕೊಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬ್ಯಾಟರಿಗೆ ಬರುವ ಮೊದಲು ಎಂಟೊಂಬತ್ತು ವರ್ಷ ನಾನು ಹೈಡ್ರೋಜನ್ನಿನಿಂದ ವಿದ್ಯುತ್ ತೆಗೆಯುವ ಫ್ಯೂಯೆಲ್ ಸೆಲ್‌ನಲ್ಲಿದ್ದೆ. ಯೋಜನೆಯ ಹಣದಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ವೇಗವರ್ಧಕವಾಗಿ ಬಳಸುವ ಪ್ಲಾಟಿನಮ್ಮೇ ನುಂಗುತ್ತಿತ್ತು. ಒಮ್ಮೆ ಒಣ ಪ್ಲಾಟಿನಮ್-ಕಾರ್ಬನ್ ಪುಡಿಯ ಮೇಲೆ ನೇರವಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು, ಕಿಡಿ ಹೊತ್ತಿ, ಒಂದು ತಿಂಗಳ ವೇಗವರ್ಧಕವನ್ನು ಬೀಕರಿನಲ್ಲೇ ಸುಟ್ಟುಕೊಂಡೆ. ಮೊದಲು ನೀರಿನಿಂದ ನೆನೆಸಿ, ಆಮೇಲೆ ಆಲ್ಕೋಹಾಲ್ ಹಾಕಬೇಕೆಂಬ ಪಾಠವನ್ನು ನಾನು ಕಲಿತದ್ದು ಹಾಗೆ. ಹೀಗೆ ವೇಗವರ್ಧಕದ ಶಾಯಿ (ಲೇಪಿಸುವ ದ್ರವ) ಕಲಸಿದ ಕೈಯೇ ಮುಂದೆ ನನ್ನನ್ನು ಕಾಪಾಡಿತು.

ಬ್ಯಾಟರಿಗೆ ಬಂದ ಮೇಲೆ ಎನ್‌ಎಂಪಿಯ ವಿಲೇವಾರಿ ಮತ್ತು ಗಾಳಿ ಹೊರಹಾಕುವ ವ್ಯವಸ್ಥೆಗೆ ಆಗುತ್ತಿದ್ದ ಖರ್ಚು ಕ್ಯಾಥೋಡ್ ಪುಡಿಯ ಖರ್ಚನ್ನೂ ಮೀರಿತ್ತು; ನೀರಿನ ಯೋಚನೆ ಹುಟ್ಟಿದ್ದು ಅಲ್ಲಿಂದ. ಮೊದಲ ಸ್ಲರಿಯ (ಪುಡಿ ಕಲಸಿದ ಹಿಟ್ಟಿನ) ಪಿಎಚ್ 11.5ರ ಆಸುಪಾಸಿನಲ್ಲಿತ್ತು, ಅಂದರೆ ಸುಣ್ಣದ ತಿಳಿಯಂತೆ ತೀರಾ ಕ್ಷಾರ. ಅದನ್ನು ಅಲ್ಯೂಮಿನಿಯಮ್ ಫಾಯಿಲ್ ಮೇಲೆ ಬ್ಲೇಡಿನಿಂದ ಬಳಿದ ಎರಡು ನಿಮಿಷದಲ್ಲಿ, ದೋಸೆಹಿಟ್ಟಿನ ಮೇಲೆ ಏಳುವಂತೆ ಸಣ್ಣ ಗುಳ್ಳೆಗಳು ಎದ್ದವು. ಕ್ಷಾರವು ಫಾಯಿಲನ್ನು ಕೊರೆದಾಗ ಹೊರಬಂದ ಹೈಡ್ರೋಜನ್ ಅದು. ಒಣಗಿದ ಮೇಲೆ ಪ್ರತಿ ಗುಳ್ಳೆಯ ಜಾಗದಲ್ಲೂ ಸೂಜಿಮೊನೆಯಷ್ಟು ತೂತು ಉಳಿಯಿತು. ನಾಣ್ಯದಾಕಾರದ ಸುಮಾರು 140 ಕಾಯಿನ್ ಸೆಲ್‌ಗಳಲ್ಲಿ 30 ಕೂಡ ಲೆಕ್ಕಕ್ಕೆ ಬರಲಿಲ್ಲ.

ಕಾರ್ಬನ್ ಲೇಪಿಸಿದ ಫಾಯಿಲ್ ಈ ಬಾಧೆಯನ್ನು ಸ್ವಲ್ಪ ತಡೆಯಿತಾದರೂ ಅದರ ಬೆಲೆ ನೋಡಿ ಕೈಬಿಟ್ಟೆ. ಕೊನೆಗೆ ಒದಗಿಬಂದದ್ದು ಫಾಸ್ಫಾರಿಕ್ ಆಮ್ಲ. ಪುಡಿಯ ತೂಕದ ಶೇಕಡಾ ಒಂದರಷ್ಟು ಹಾಕಿದಾಗ ಪಿಎಚ್ 9ಕ್ಕಿಂತ ಕೆಳಗಿಳಿದು ಗುಳ್ಳೆಗಳು ನಿಂತವು. ಸಿಎಂಸಿ (ಪುಡಿಯನ್ನು ಹಿಡಿದಿಡುವ ಅಂಟು) ನೆನೆಯುವ ಮೊದಲೋ ಆಮೇಲೋ, ಎಷ್ಟು ನಿಧಾನವಾಗಿ ಆಮ್ಲವನ್ನು ಹಾಕಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳ ನಿದ್ದೆಗೆಟ್ಟು ಕಂಡುಕೊಂಡದ್ದನ್ನು ಪುಕ್ಕಟೆ ಕೊಡುವ ಔದಾರ್ಯ ನನ್ನಲ್ಲಿಲ್ಲ. ಒಂದು ಮಾತ್ರ ಹೇಳಬಲ್ಲೆ: ಸ್ಲರಿಯನ್ನು ರಾತ್ರಿ ಇಡಬೇಡಿ, ಕಲಸಿದ ದಿನವೇ ಬಳಿದುಬಿಡಿ.

ಗುಳ್ಳೆ ಹೋದ ಮೇಲೆ ಬಿರುಕು ಬಂತು. ಪದರ ದಪ್ಪವಾದಷ್ಟೂ ಅದು ಬತ್ತಿದ ಕೆರೆಯ ತಳದಂತೆ ಸೀಳುತ್ತಿತ್ತು. ಆಗ ಹಳೆಯ ಶಾಯಿ ನೆನಪಾಗಿ, ನೀರಿಗೆ ಶೇಕಡಾ 8–10ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಮೇಲ್ಮೈ ಎಳೆತ ತಗ್ಗಿಸಿದೆ. ಬಿರುಕುಗಳು ಮೊದಲ ಪ್ರಯತ್ನದಲ್ಲೇ ಮುಚ್ಚಿಕೊಂಡವು. ನಕ್ಕಿದ್ದ ಸಹೋದ್ಯೋಗಿ ಆ ಹಾಳೆಯನ್ನು ಬೆರಳಿಗೆ ಸುತ್ತಿ, ಬಿಡಿಸಿ, ಏನೂ ಹೇಳದೆ ಮೇಜಿನ ಮೇಲಿಟ್ಟರು.

ನಡುವೆ ಸಿಎಂಸಿ ಬದಲು ಗೋರಿಕಾಯಿ ಬೀಜದ ಅಂಟನ್ನೂ ಪರೀಕ್ಷಿಸಿದೆ. ಹಿಡಿತ ಚೆನ್ನಾಗಿತ್ತು. ಆದರೆ ಕಲಸಿಟ್ಟ ದ್ರಾವಣ ಮೂರನೆಯ ದಿನ ಹುಳಿತು ನಾರಿದ್ದರಿಂದ ಪ್ರಯೋಗ ಅಲ್ಲಿಗೇ ನಿಂತಿತು.

ಶೇಕಡಾ 80 ನಿಕ್ಕಲ್ ಇರುವ ಪುಡಿ ಮಾತ್ರ ಇನ್ನೂ ಹಟ ಮಾಡುತ್ತಿದೆ. 120 ಡಿಗ್ರಿಯ ನಿರ್ವಾತ ಒಲೆಯಲ್ಲಿ ಇಡೀ ರಾತ್ರಿ ಒಣಗಿಸಿದರೂ ನೂರು ಆವೃತ್ತಿಗಳೊಳಗೆ ಸಾಮರ್ಥ್ಯ ಜಾರತೊಡಗುತ್ತದೆ. ಈ ವಾರ ಆಮ್ಲದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಹೊಸದಾಗಿ ಎಂಟು ಸೆಲ್‌ಗಳನ್ನು ಚಾರ್ಜಿಗೆ ಹಾಕಿದ್ದೇನೆ.