ಕಾಯಿಲೆ ಮುಚ್ಚಿಡದ ಹಾಗೆ ಮಾಡುವುದೇ ಮೊದಲ ಮದ್ದು

ನಾನು ಮಲ್ಪೆ ಹತ್ತಿರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ನರ್ಸ್ ಇಲ್ಲ. ಮಗು ಹುಷಾರು ತಪ್ಪಿದರೆ ಮೊದಲು ನೋಡಬೇಕಾದವರು ನಾವೇ. ಅದಕ್ಕೇ ಯಾವ ಮಗುವಿಗೆ ಎಂತ ತೊಂದರೆ ಇದೆ ಅಂತ ನಮಗೆ ಮುಂಚೆಯೇ ಗೊತ್ತಿರಬೇಕು.

ದಾಖಲಾತಿ ಫಾರ್ಮಿನಲ್ಲಿ 'ಕಾಯಿಲೆ ಇದೆಯೇ' ಅಂತ ಕೇಳಿದರೆ ಎಲ್ಲರೂ 'ಇಲ್ಲ' ಅಂತಲೇ ಬರೆಯುತ್ತಾರೆ. ಪೋಷಕರ ಸಭೆಯಲ್ಲಿ, ನಾಲ್ಕು ಜನರ ಎದುರಿಗಂತೂ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರನ್ನು ಜಗಲಿಯಲ್ಲಿ ಒಬ್ಬೊಬ್ಬರನ್ನಾಗಿ ಮಾತಾಡಿಸುತ್ತೇನೆ. ಕಾಯಿಲೆ ಅನ್ನುವ ಮಾತನ್ನೇ ಎತ್ತುವುದಿಲ್ಲ. "ದಿನಾ ಎಂತಾದ್ರೂ ಮಾತ್ರೆ ಉಂಟಾ? ಓಡಿದ್ರೆ ದಮ್ಮು ಕಟ್ತದಾ? ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ?" ಅಂತ ಕೇಳುತ್ತೇನೆ.

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ಬಾಯಿ ಬಿಟ್ಟದ್ದು ಹೀಗೆಯೇ. "ಟೀಚರೇ, ಫಿಟ್ಸ್ ಬರ್ತದೆ. ಯಾರಿಗೂ ಹೇಳ್ಬೇಡಿ, ನಾಳೆ ಮದುವೆಗೆ ತೊಂದ್ರೆ ಆಗ್ತದೆ" ಅಂದರು. ಬೇರೆಯವರಿಗೆ ಹೇಳುವುದಿಲ್ಲ, ಆದರೆ ಹೆಡ್‌ಮಾಸ್ಟ್ರಿಗೆ ಗೊತ್ತಿರಲೇಬೇಕು ಅಂದೆ. ಒಪ್ಪಿದರು. ಮಾತ್ರೆಯ ಹೆಸರು, ಹೊತ್ತು, ಡಾಕ್ಟರ ನಂಬರ್ ಎಲ್ಲ ಬರೆದುಕೊಂಡೆ.

ಒಂದು ದಿನ ಬಿಸಿಯೂಟ ಮುಗಿದ ಮೇಲೆ ಅವಳಿಗೆ ಫಿಟ್ಸ್ ಬಂತು. ಮೊದಲು ಗಡಿಯಾರ ನೋಡಿದೆ. ಬೆಂಚು ಸರಿಸಿ, ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ನನ್ನ ಶಾಲು ಮಡಚಿಟ್ಟೆ. ಅಡುಗೆಯ ಅಕ್ಕ ಬೀಗದ ಕೈ ಹಿಡಿದುಕೊಂಡು ಓಡಿ ಬಂದರು. ಬೇಡ ಅಕ್ಕ ಅಂದೆ. ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. ಕೈಕಾಲು ಒತ್ತಿ ಹಿಡಿಯಬಾರದು, ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಲೇಬೇಕು. ಅಲ್ಲಿಯವರೆಗೆ ಹೋಗಲಿಲ್ಲ, ಬೇಗ ನಿಂತಿತು. ಪೂರ್ತಿ ಎಚ್ಚರ ಆಗುವವರೆಗೆ ಪಕ್ಕದಲ್ಲೇ ಕೂತೆ. ಉಳಿದ ಮಕ್ಕಳು ಹೆದರಿದ್ದರು. ಇದು ಅಂಟುವಂಥದ್ದಲ್ಲ, ಅವಳು ಬೇಕಂತ ಮಾಡಿದ್ದೂ ಅಲ್ಲ ಅಂತ ಹೇಳಿದೆ. ಮರುದಿನ ಪಕ್ಕದಲ್ಲಿ ಕೂರಲು ಜಗಳವೇ ಆಯ್ತು!

ಮಳೆಗಾಲದಲ್ಲಿ ಜ್ವರದ ಕಾಟ. ಡೆಂಗಿಯ ಸೊಳ್ಳೆ ಹಗಲು ಹೊತ್ತಿನಲ್ಲೇ ಕಚ್ಚುವುದು, ಅಂದರೆ ಮಕ್ಕಳು ಶಾಲೆಯಲ್ಲಿರುವಾಗ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಗೆರಟೆ, ಬಕೆಟ್, ಅಡಿಕೆ ಹಾಳೆಯಲ್ಲಿ ನಿಂತ ನೀರನ್ನೆಲ್ಲ ಚೆಲ್ಲಿಸುತ್ತೇವೆ. ಜ್ವರ ಬಂದ ಮಗುವಿಗೆ ಬ್ಯಾಗಿನಲ್ಲಿದ್ದ ಯಾವುದೋ ಮಾತ್ರೆ ಕೊಡುವುದಿಲ್ಲ. ಡೆಂಗಿಯಿದ್ದು ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಭಯ ಜಾಸ್ತಿ. ಮನೆಗೆ ಫೋನ್ ಮಾಡಿ ಡಾಕ್ಟರಿಗೆ ತೋರಿಸಲು ಹೇಳುತ್ತೇನೆ.

ಕೆಲವು ಮಕ್ಕಳು ಜ್ವರವನ್ನೇ ಮುಚ್ಚಿಡುತ್ತಾರೆ. ಒಂದು ದಿನವೂ ರಜೆ ಮಾಡದವರಿಗೆ ಬಹುಮಾನ ಕೊಡುವುದು ನನಗೆ ಇಷ್ಟವಿಲ್ಲ. ಕೆಂಗಣ್ಣು, ಚಿಕನ್‌ಪಾಕ್ಸ್ ಇರುವ ಮಗುವೂ ಅದರ ಆಸೆಗೆ ಬಂದು ಕೂರುತ್ತದೆ, ಅಲ್ವಾ? ನನ್ನ ಕ್ಲಾಸಿನಲ್ಲಿ ಆ ಬಹುಮಾನ ಇಲ್ಲ. ರಜೆಯಲ್ಲಿರುವವರ ನೋಟ್ಸನ್ನು ಪಕ್ಕದವರೇ ಬರೆದಿಡುತ್ತಾರೆ. ಈಗ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಮುಂಚೆಯೇ ಬಂದು, "ಟೀಚರ್, ಮೈ ಬಿಸಿ ಉಂಟು" ಅಂತ ಅವರೇ ಹೇಳುತ್ತಾರೆ.