ಹೆದರಿಸುವ ದೇವರಿಲ್ಲದ ಮನೆಯಲ್ಲಿ ಬೆಳೆದು

ನಮ್ಮ ಮನೆಯಲ್ಲಿ ದೇವರ ಕೋಣೆ ಇರಲಿಲ್ಲ. ಅಪ್ಪ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು, ಎಚ್. ನರಸಿಂಹಯ್ಯನವರನ್ನು ಹತ್ತಿರದಿಂದ ಕಂಡವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದವರು ನರಸಿಂಹಯ್ಯ. ಆದರೆ ಅಪ್ಪ ಮತ್ತೆ ಮತ್ತೆ ಹೇಳುತ್ತಿದ್ದುದು ಆ ಸಮಿತಿಯ ಕಥೆಯಲ್ಲ. ಅಷ್ಟು ದೊಡ್ಡ ಹುದ್ದೆಗೇರಿದವರು ಕೊನೆಯವರೆಗೂ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದರಲ್ಲ, ಅದನ್ನು.

ಗೆಳತಿಯರ ಮನೆಗಳಲ್ಲಿ 'ಸುಳ್ಳು ಹೇಳಿದ್ರೆ ದೇವರು ಕಣ್ಣು ಕಿತ್ಕೋತಾನೆ' ಅನ್ನುತ್ತಿದ್ದರು. ನಮ್ಮಮ್ಮ ಹಾಗೆ ಹೆದರಿಸಲಿಲ್ಲ. ಜಗಳ ಆಡಿ ಬಂದರೆ 'ಅವಳಿಗೆ ಹೇಗಾಯ್ತು ಅಂತ ಹೋಗಿ ಕೇಳ್ಕೊಂಡು ಬಾ' ಅಂತ ವಾಪಸ್ ಕಳಿಸುತ್ತಿದ್ದರು. ಅದು ಕಣ್ಣು ಕಳೆದುಕೊಳ್ಳುವುದಕ್ಕಿಂತ ಕಷ್ಟ ಅನಿಸುತ್ತಿತ್ತು. ನನ್ನ ನೀತಿಯೆಲ್ಲ ಶುರುವಾಗಿದ್ದು ಆ ಒಂದು ಮಾತಿನಿಂದ.

ದೊಡ್ಡವಳಾದ ಮೇಲೆ ಅದರ ಅರ್ಥ ಇನ್ನಷ್ಟು ತಿಳಿಯಿತು. ನಂಬಿಕೆ ಇರುವವರಿಗೆ ತಪ್ಪು ಕಾಣಿಕೆ ಹಾಕುವ ದಾರಿ ಇದೆ. ಹುಂಡಿಗೆ ಹಾಕಿ, ಕೈ ಮುಗಿದು, ಮನಸ್ಸು ಹಗುರ ಮಾಡಿಕೊಳ್ಳಬಹುದು. ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ನನಗೆ ನಡುವೆ ಯಾರೂ ಇಲ್ಲ. ಯಾರಿಗೆ ನೋವಾಯಿತೋ ಅವರ ಎದುರೇ ನಿಲ್ಲಬೇಕು. ಅವರು ಕ್ಷಮಿಸದೆಯೂ ಇರಬಹುದು. ಅದನ್ನೂ ಹೊತ್ತುಕೊಂಡು ಬರಬೇಕು.

ಎದುರಿಗೆ ಕೇಳೋಕೆ ಯಾರೂ ಇಲ್ಲದಿದ್ದಾಗ ಏನು ಮಾಡೋದು? ಈ ಪ್ರಶ್ನೆ ನನ್ನನ್ನು ನಿಜವಾಗಿ ಕಾಡಿದ್ದು ಅಪ್ಪನ ಸೈಟ್ ಮಾರುವಾಗ. ಬಂದವರೆಲ್ಲ ಒಂದೇ ಮಾತು ಹೇಳಿದರು. ಕ್ರಯಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ಮಾತ್ರ ತೋರಿಸೋಣ, ಉಳಿದದ್ದು ಕ್ಯಾಶ್. ಕೊಳ್ಳುವವರಿಗೆ ಮುದ್ರಾಂಕ ಶುಲ್ಕ ಕಡಿಮೆ, ನಮಗೆ ತೆರಿಗೆ ಕಡಿಮೆ. 'ಎಲ್ಲರೂ ಹೀಗೇ ಮಾಡೋದು ಮೇಡಂ.' ಇದರಿಂದ ನಷ್ಟವಾಗುವವರ ಮುಖ ನನಗೆ ಕಾಣುತ್ತಿರಲಿಲ್ಲ. ಯಾರ ಮನೆಗೆ ಹೋಗಿ ಕೇಳಲಿ?

ಆಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿಕೊಂಡೆ. ಈ ತೆರಿಗೆ ದುಡ್ಡು ಹೋಗಿ ಸೇರಬೇಕಾದ ಕಡೆ ಯಾರಿದ್ದಾರೆ? ನಮ್ಮಜ್ಜಿ ಕೊನೆಯ ದಿನಗಳನ್ನು ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಕಳೆದಿದ್ದರು. ಪಕ್ಕದ ಮಂಚಗಳಲ್ಲಿ ಬೇರೆಲ್ಲೂ ಹೋಗಲು ಗತಿಯಿಲ್ಲದವರು ಮಲಗಿದ್ದರು. ಆ ವಾರ್ಡು ನಡೆಯುವುದು ಇಂಥ ದುಡ್ಡಿನಿಂದಲೇ ಅಲ್ವಾ? ಆ ಮುಖಗಳು ನೆನಪಾದ ಮೇಲೆ ಅನುಮಾನ ಉಳಿಯಲಿಲ್ಲ. ಪೂರ್ತಿ ಮೊತ್ತವನ್ನು ಕ್ರಯಪತ್ರದಲ್ಲಿ ಬರೆದು ಚೆಕ್ಕಿನಲ್ಲಿ ಕೊಡುವವರಿಗೆ ಮಾತ್ರ ಅಂದೆ. ಸೈಟ್ ಬೇಗ ಹೋಗಲಿಲ್ಲ. ಹೋದಾಗ ಬೆಲೆಯೂ ಇಳಿದಿತ್ತು.

ತಮ್ಮನಿಗೆ ಸಿಟ್ಟು ಬಂತು. 'ಅಕ್ಕ, ನಿನ್ನ ನಿಯತ್ತಿಗೆ ನನ್ನ ಪಾಲು ಯಾಕೆ ಹೋಗಬೇಕು?' ಅಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ನನ್ನ ನೀತಿಯ ಖರ್ಚನ್ನು ಇನ್ನೊಬ್ಬರ ಜೇಬಿನಿಂದ ತೆಗೆಯುವುದೂ ತಪ್ಪೇ. ಬೆಲೆ ಇಳಿದಷ್ಟನ್ನು ನನ್ನ ಪಾಲಿನಿಂದ ಅವನಿಗೆ ತುಂಬಿಕೊಟ್ಟೆ. ತೆರಿಗೆಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ನನಗೆ ನಿಜವಾಗಿ ಪಾಠವಾಗಿದ್ದು ಸೈಟ್ ಅಲ್ಲ, ತಮ್ಮನ ಪ್ರಶ್ನೆ. ಅಂದಿನಿಂದ ಏನನ್ನಾದರೂ ಸರಿ ಅಂತ ಹಿಡಿದಾಗ, ಇದರ ಬೆಲೆ ತೆರುವವರು ಯಾರು ಅಂತ ಮೊದಲು ನೋಡುತ್ತೇನೆ.

ದಾನದ ಅಭ್ಯಾಸವನ್ನು ಮಾತ್ರ ನಂಬಿಕೆಯುಳ್ಳವರಿಂದಲೇ ಕಲಿತೆ. ಅವರ ಹಬ್ಬಗಳಲ್ಲಿ ಕೊಡುವುದಕ್ಕೆ ಒಂದು ದಿನ ಗೊತ್ತಾಗಿರುತ್ತದೆ. ಮನಸ್ಸು ಬಂದಾಗ ಕೊಡೋಣ ಅಂದರೆ ಮನಸ್ಸು ಬರುವುದೇ ಇಲ್ಲ. ಹಾಗಾಗಿ ಸಂಬಳದ ದಿನವೇ ಒಂದಿಷ್ಟು ತೆಗೆದಿಡುತ್ತೇನೆ.

ಗಂಡನ ಮನೆಯಲ್ಲಿ ಪೂಜೆ ಪುನಸ್ಕಾರ ಜೋರು. ಅತ್ತೆಗೆ ಖುಷಿಯಾಗಲಿ ಅಂತ ಮಂಗಳಾರತಿಗೆ ನಿಲ್ಲುತ್ತೇನೆ, ಪ್ರಸಾದ ತಿನ್ನುತ್ತೇನೆ. ಅದರಿಂದ ಯಾರಿಗೂ ನೋವಿಲ್ಲ. ಆದರೆ ಜಾತಿ ನೋಡಿ ಬೇರೆ ಪಂಕ್ತಿ ಹಾಕುವ ಊಟಕ್ಕೆ ಕೂರುವುದಿಲ್ಲ. ಮೊದಲ ಸಲ ಎದ್ದು ಬಂದಾಗ ಅತ್ತೆ ಮಾತು ಬಿಟ್ಟಿದ್ದರು. ಈಗ ಅಂಥ ಕಡೆಯಿಂದ ಕರೆ ಬಂದರೆ, 'ಅಲ್ಲಿ ನೀನು ಊಟ ಮಾಡಲ್ಲ ಅಲ್ವಾ' ಅಂತ ಹೊರಡುವ ಮೊದಲು ಮನೆಯಲ್ಲೇ ಉಪ್ಪಿಟ್ಟು ಮಾಡಿ ಬಡಿಸುತ್ತಾರೆ.