ಥರ್ಮೋಸ್ಟಾಟ್ ಬದಲಿಸುವುದು ಸುಲಭ, ಗಾಳಿ ಬಿಡಿಸುವುದೇ ಕೆಲಸ

ಎಂಜಿನ್ ತಣಿಸುವ ದ್ರವವಾದ ಕೂಲಂಟನ್ನು, ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ಹರಿಯಬಿಡುವ ವಾಲ್ವೇ ಕಾರಿನ ಥರ್ಮೋಸ್ಟಾಟ್. ಅದು ಎರಡು ರೀತಿ ಕೈಕೊಡುತ್ತದೆ. ತೆರೆದೇ ಉಳಿದರೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಇಳಿಯುತ್ತದೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ. ಮುಚ್ಚಿಯೇ ಉಳಿದರೆ ಮುಳ್ಳು ಕೆಂಪಿಗೇರುತ್ತದೆ, ರೇಡಿಯೇಟರ್ ಮಾತ್ರ ತಣ್ಣಗಿರುತ್ತದೆ. ಕೂಲಂಟ್ ಕಡಿಮೆಯಾದರೂ, ವಾಟರ್ ಪಂಪ್ ಕೆಟ್ಟರೂ ಎಂಜಿನ್ ಹೀಗೇ ಕಾಯುತ್ತದೆ. ಹಾಗಾಗಿ ಮೊದಲು ಮಟ್ಟ ನೋಡಿ.

ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕೂಲಂಟ್ ತುಂಬುವ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಆವಿಯಾಗಿ ಮುಖಕ್ಕೇ ಎರಚುತ್ತದೆ.

ಹೊಸ ಥರ್ಮೋಸ್ಟಾಟ್ ಮೇಲೆ ಅಚ್ಚಾಗಿರುವ ಡಿಗ್ರಿ, ಉದಾಹರಣೆಗೆ 82 ಅಥವಾ 88, ನಿಮ್ಮ ಎಂಜಿನ್‌ಗೆ ಹೇಳಿದ್ದೇ ಆಗಿರಲಿ. ಹಾಕುವ ಮುಂಚೆ ಪರೀಕ್ಷಿಸಿಬಿಡಿ. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಟ್ಟು, ವಾಲ್ವ್ ಸಂದಿಗೆ ಸಿಕ್ಕಿಸಿದ ದಾರದಿಂದ ಥರ್ಮೋಸ್ಟಾಟನ್ನು ತಳ ತಾಗದಂತೆ ನೇತುಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೀರು ಕಾಯಿಸಿ. ವಾಲ್ವ್ ಬಿಚ್ಚಿಕೊಂಡಾಗ ದಾರ ಕಳಚಿ ಥರ್ಮೋಸ್ಟಾಟ್ ನೀರಿಗೆ ಬೀಳುತ್ತದೆ. ಆಗಿನ ಡಿಗ್ರಿಯೇ ಅದು ತೆರೆಯಲು ಶುರುವಾಗುವ ಡಿಗ್ರಿ.

ರೇಡಿಯೇಟರ್ ಕೆಳಗೆ ತೊಟ್ಟಿ ಇಟ್ಟು, ಮಟ್ಟ ಥರ್ಮೋಸ್ಟಾಟ್ ಕೂತಿರುವ ಹೌಸಿಂಗ್‌ಗಿಂತ ಕೆಳಗಿಳಿಯುವಷ್ಟು ಕೂಲಂಟ್ ಬಸಿಯಿರಿ. ಅದು ಸಿಹಿಯಾದ ವಿಷ. ನಾಯಿ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ, ಚರಂಡಿಗೆ ಚೆಲ್ಲಬೇಡಿ. ಹಲವು ಎಂಜಿನ್‌ಗಳಲ್ಲಿ ಮೇಲಿನ ಹೋಸ್ ಎಂಜಿನ್‌ಗೆ ಸೇರುವಲ್ಲೇ ಹೌಸಿಂಗ್ ಇರುತ್ತದೆ, ಕೆಲವದರಲ್ಲಿ ಕೆಳಗಿನ ಹೋಸ್ ಕಡೆ. ಬಿಚ್ಚುವಾಗ ಹಳೆಯದು ಕೂತಿದ್ದ ದಿಕ್ಕಿನ ಫೋಟೋ ತೆಗೆದುಕೊಳ್ಳಿ. ಸ್ಪ್ರಿಂಗ್, ಬಿಸಿಗೆ ಹಿಗ್ಗಿ ವಾಲ್ವ್ ತೆರೆಯುವ ಮೇಣದ ಡಬ್ಬಿ ಎಂಜಿನ್ ಕಡೆಗೆ ಇರಬೇಕು. ತಿರುಗುಮುರುಗಾಯಿತೋ, ಎಂಜಿನ್ ಕಾಯುತ್ತದೆ. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ. ಗಾಳಿ ಹೊರಹೋಗುವುದು ಅಲ್ಲಿಂದಲೇ.

ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬಳಸಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಅಲ್ಲೇ ಸೋರುತ್ತದೆ. ರಬ್ಬರ್ ರಿಂಗ್ ಇದ್ದಲ್ಲಿ ಸೀಲಂಟ್ ಬೇಡ. ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಂ6 ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಜೋರು ತೋರಿಸಿದರೆ ಥ್ರೆಡ್ ಹೋಗುತ್ತದೆ, ಪ್ಲಾಸ್ಟಿಕ್ ಹೌಸಿಂಗ್ ಆದರೆ ಬಿರುಕೇ ಬಿಡುತ್ತದೆ.

ಇನ್ನು ಗಾಳಿ. ಥರ್ಮೋಸ್ಟಾಟ್ ಬಳಿ ಗಾಳಿಗುಳ್ಳೆ ನಿಂತರೆ ಮೇಣಕ್ಕೆ ಬಿಸಿ ಸರಿಯಾಗಿ ತಾಗುವುದಿಲ್ಲ, ವಾಲ್ವ್ ತಡವಾಗಿ ತೆರೆಯುತ್ತದೆ. ಹೊಸದೂ ಕೆಟ್ಟಿದೆ ಎಂದು ಮತ್ತೆ ಬಿಚ್ಚುವವರಲ್ಲಿ ಬಹಳ ಮಂದಿ ಸಿಕ್ಕಿಬೀಳುವುದು ಇಲ್ಲೇ. ಕಾರಿನ ಮೂತಿ ಎತ್ತರಕ್ಕಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ. ಮ್ಯಾನುಯಲ್ ಹೇಳುವ ಜಾತಿಯ ಕೂಲಂಟನ್ನು ನಿಧಾನವಾಗಿ ಸುರಿಯಿರಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಜಾತಿಯ ಗುರುತಲ್ಲ. ಕಾನ್ಸಂಟ್ರೇಟ್ ಆದರೆ ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ. ಗಾಳಿ ಬಿಡಿಸುವ ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಒಂದೇ ಧಾರೆ ಬರುವ ತನಕ ತೆರೆದಿಡಿ. ನಂತರ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಕಾರು ನಿಂತಲ್ಲೇ ಎಂಜಿನನ್ನು ಐಡಲ್‌ನಲ್ಲಿ ಓಡಿಸಿ, ಮುಳ್ಳಿನ ಮೇಲೆ ಕಣ್ಣಿರಲಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು, ಎಂಜಿನ್ ಕಾದರೂ ಹೀಟರ್‌ನಿಂದ ತಣ್ಣನೆಯ ಗಾಳಿ: ಎರಡರಲ್ಲಿ ಯಾವುದಿದ್ದರೂ ಗಾಳಿ ಇನ್ನೂ ಒಳಗಿದೆ.

ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿ ತುಂಬಿಸಿ. ಒಮ್ಮೆ ಇಳಿಯುವುದು ಸಹಜ. ಮತ್ತೆ ಮತ್ತೆ ಇಳಿದರೆ ಹೌಸಿಂಗ್ ಜೋಡಣೆಯ ಸುತ್ತ ಟಾರ್ಚ್ ಬಿಟ್ಟು ತೇವ ಅಥವಾ ಒಣಗಿದ ಕೂಲಂಟ್ ಕಲೆ ಹುಡುಕಿ.